ಹೆಂಗಸರು ರಿಸ್ಕ್ ತಗೊಳ್ಳಲ್ಲ, ಅದಕ್ಕೇ ಸಂಬಳ ಕಮ್ಮಿ: ಈ ಮಾತು ಎಷ್ಟು ನಿಜ?

ಪೇರೋಲ್ ಪದ್ಮ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ಆಸ್ಪತ್ರೆಗಳಿಗೆ ಮಷಿನ್ ಮಾರುವ ಕಂಪನಿ, ಹೆಸರು ಬೇಡ. ಹೋದ ವರ್ಷ ಸೇಲ್ಸ್‌ನವರ ಮುಂದೆ ಎರಡು ಪ್ಲಾನ್ ಇಟ್ಟರು. ಒಂದರಲ್ಲಿ ಪೂರ್ತಿ ಫಿಕ್ಸೆಡ್ ಸಂಬಳ. ಇನ್ನೊಂದರಲ್ಲಿ 60 ಭಾಗ ಫಿಕ್ಸೆಡ್, 40 ಭಾಗ ಟಾರ್ಗೆಟ್ ಮೇಲೆ. ಟಾರ್ಗೆಟ್ ದಾಟಿದರೆ ಅದರ ಮೇಲೂ ಸಿಗುತ್ತದೆ, ಮುಟ್ಟದಿದ್ದರೆ ಆ 40 ಭಾಗದಲ್ಲಿ ಕೈಗೆ ಬರುವುದು ಅಷ್ಟಕ್ಕಷ್ಟೇ.

ಗಂಡಸರಲ್ಲಿ ಹೆಚ್ಚಿನವರು ಎರಡನೆಯದಕ್ಕೆ ಸಹಿ ಹಾಕಿದರು. ಹೆಂಗಸರಲ್ಲಿ ಹೆಚ್ಚಿನವರು ಮೊದಲನೆಯದಕ್ಕೆ. ವರ್ಷದ ಕೊನೆಗೆ ನೋಡಿದರೆ ಸರಾಸರಿ ಸಂಬಳದಲ್ಲಿ ಒಳ್ಳೆ ಅಂತರ. ಮೀಟಿಂಗಿನಲ್ಲಿ ನಾನು ಆ ಶೀಟ್ ತೋರಿಸಿದಾಗ ಸೇಲ್ಸ್ ಹೆಡ್ ನಕ್ಕು, "ಆಯ್ಕೆ ಅವರದ್ದೇ ಅಲ್ವಾ? ಲೇಡೀಸ್‌ಗೆ ರಿಸ್ಕ್ ಅಂದ್ರೆ ಆಗಲ್ಲ. ಇದಕ್ಕೆ ಸಂಶೋಧನೆ ಎಲ್ಲ ಇದೆ" ಅಂದರು. ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಯಾಕೆಂದರೆ ಆ ಸಂಶೋಧನೆ ಏನು ಹೇಳುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಇಲ್ಲಿ ಅರ್ಥಶಾಸ್ತ್ರ ಓದಿದವರು ಇದ್ದಾರೆ. ಸಂಬಳದ ಅಂತರಕ್ಕೆ ನಿಜವಾಗಿ ಇದೇ ಕಾರಣನಾ?

ಆಪ್ಷನ್ ಅಣ್ಣಪ್ಪ

ಇದರಲ್ಲಿ ಕೇಳೋದೇನಿದೆ ಮೇಡಂ? ರಿಸ್ಕ್ ತಗೊಂಡವನಿಗೆ ದುಡ್ಡು. ನಮ್ಮ ಮನೆಯಲ್ಲೇ ನೋಡಿ. ನನ್ನ ಹೆಂಡತಿ ಪೋಸ್ಟ್ ಆಫೀಸ್ ಆರ್‌ಡಿ ಬಿಟ್ಟು ಅಲ್ಲಾಡಲ್ಲ. ನಾನು ಶೇರು ಮಾರ್ಕೆಟ್ಟಿನಲ್ಲಿ ಎಫ್ ಅಂಡ್ ಓ, ಅಂದ್ರೆ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಮಾಡ್ತೀನಿ. ಸ್ವಭಾವ ಬೇರೆ, ಅಷ್ಟೇ. ಇದಕ್ಕೆಲ್ಲ ಕಂಪನಿಯನ್ನು ಯಾಕೆ ಬೈಯಬೇಕು?

ಸುಮ್ನೆ ಓದುವವಳು

ಅಣ್ಣಪ್ಪ ಅವರೇ, ಆರ್‌ಡಿ ಎಷ್ಟಾಗಿದೆ, ಎಫ್ ಅಂಡ್ ಓ ಎಷ್ಟಾಗಿದೆ? ಸುಮ್ನೆ ಕೇಳಿದೆ.

ಲೆಕ್ಚರರ್ ಧಾರವಾಡ

ಪದ್ಮಾ ಅವರೇ, ನಿಮ್ಮ ಹೆಡ್ ಹೇಳಿದ ಸಂಶೋಧನೆ ಇದೆ. ಆದರೆ ಅವರು ಅಂದುಕೊಂಡಷ್ಟು ಸರಳವಾಗಿಲ್ಲ. ಎರಡು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಅಂತ ಕಲಸಿಬಿಡುತ್ತಾರೆ. ಒಂದು, ರಿಸ್ಕ್. ಇನ್ನೊಂದು, ಪೈಪೋಟಿ.

ಪೈಪೋಟಿ ಬಗ್ಗೆ ಎಲ್ಲರೂ ಎತ್ತಿ ಹೇಳುವುದು ಮ್ಯೂರಿಯಲ್ ನೀಡರ್ಲಿ ಮತ್ತು ಲಿಸೆ ವೆಸ್ಟರ್‌ಲುಂಡ್ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಮಾಡಿದ ಪ್ರಯೋಗ. 2007ರಲ್ಲಿ ಪ್ರಕಟವಾಯಿತು. ಇಬ್ಬರು ಗಂಡಸರು, ಇಬ್ಬರು ಹೆಂಗಸರ ಗುಂಪು. ಎರಡಂಕಿಯ ಐದು ಸಂಖ್ಯೆಗಳನ್ನು ಕೂಡಬೇಕು, ಐದು ನಿಮಿಷದಲ್ಲಿ ಆದಷ್ಟು ಲೆಕ್ಕ. ಸರಿಯಾದ ಒಂದೊಂದು ಉತ್ತರಕ್ಕೂ 50 ಸೆಂಟ್ ತಗೊಳ್ಳಬಹುದು. ಇಲ್ಲ, ಪೈಪೋಟಿಗೆ ಇಳಿಯಬಹುದು: ಗುಂಪಿನಲ್ಲಿ ಮೊದಲು ಬಂದರೆ ಉತ್ತರಕ್ಕೆ 2 ಡಾಲರ್, ಇಲ್ಲದಿದ್ದರೆ ಸೊನ್ನೆ. ಲೆಕ್ಕ ಮಾಡುವುದರಲ್ಲಿ ಇಬ್ಬರೂ ಸಮ. ಆದರೂ ಪೈಪೋಟಿ ಆರಿಸಿಕೊಂಡವರು ಗಂಡಸರಲ್ಲಿ ಶೇ. 73, ಹೆಂಗಸರಲ್ಲಿ ಶೇ. 35.

ನಿಮ್ಮ ಹೆಡ್ ಇಲ್ಲಿಗೆ ನಿಲ್ಲಿಸಿರುತ್ತಾರೆ. ಮುಂದಿನದು ಇದೆ. ಗುಂಪಿನಲ್ಲಿ ನಾನೇ ಫಸ್ಟ್ ಅಂದುಕೊಂಡ ಗಂಡಸರು ನಾಲ್ಕರಲ್ಲಿ ಮೂರು ಪಾಲು. ನಾಲ್ಕು ಜನರ ಗುಂಪಿನಲ್ಲಿ ಫಸ್ಟ್ ಬರುವುದು ಒಬ್ಬರೇ ಅಲ್ವಾ? ಗೆಲ್ಲಬಹುದಾಗಿದ್ದ ಹೆಂಗಸರು ಹೊರಗೆ ಉಳಿದರು, ಸೋಲುವ ಗಂಡಸರು ಒಳಗೆ ನುಗ್ಗಿ ದುಡ್ಡು ಕಳೆದುಕೊಂಡರು. ಹೆಂಗಸರು ಯಾಕೆ ಹಿಂಜರಿದರು ಅನ್ನುವುದರ ಜೊತೆಗೆ ಗಂಡಸರು ಯಾಕೆ ಇಷ್ಟು ನುಗ್ಗಿದರು ಅಂತಲೂ ಆ ಲೇಖನದ ತಲೆಬರಹದಲ್ಲೇ ಕೇಳಿದ್ದಾರೆ. ಎರಡನೇ ಪ್ರಶ್ನೆ ಮಾತ್ರ ಮೀಟಿಂಗ್ ರೂಮಿಗೆ ಬರುವುದಿಲ್ಲ.

ಇನ್ನು ಬರೀ ರಿಸ್ಕ್. ಲಾಟರಿ ತರಹದ ಆಯ್ಕೆ ಕೊಟ್ಟು ಅಳೆಯುವ ಒಂದು ಹೆಸರಾಂತ ವಿಧಾನ ಇದೆ, ಹೋಲ್ಟ್ ಮತ್ತು ಲಾರಿ ಎಂಬವರದು. ಅದನ್ನು ಬಳಸಿದ 50ಕ್ಕೂ ಹೆಚ್ಚು ಪ್ರಯೋಗಗಳನ್ನು ಆಂಟೋನಿಯೋ ಫಿಲಿಪ್ಪಿನ್ ಮತ್ತು ಪಾವೊಲೊ ಕ್ರೊಸೆಟ್ಟೊ ಒಟ್ಟಿಗೆ ಹಾಕಿ ನೋಡಿದರು, 2016ರಲ್ಲಿ. ಗಂಡು-ಹೆಣ್ಣಿನ ವ್ಯತ್ಯಾಸ ಎದ್ದು ಕಂಡದ್ದು ಕೆಲವೇ ಕೆಲವು ಕಡೆ. ಎಲ್ಲ ಸೇರಿಸಿದರೆ ಇದೆ, ಆದರೆ ಸಣ್ಣದು. ಪ್ರಶ್ನೆ ಕೇಳುವ ರೀತಿ ಬದಲಾಯಿಸಿದರೆ, ಅಂದರೆ "ಇದು ಗ್ಯಾರಂಟಿ ದುಡ್ಡು, ಅದು ಜೂಜು" ಅಂತ ಪಕ್ಕಪಕ್ಕ ಇಟ್ಟರೆ, ವ್ಯತ್ಯಾಸ ದೊಡ್ಡದಾಗುತ್ತದೆ. ನಿಮ್ಮ ಕಂಪನಿ ಇಟ್ಟದ್ದೂ ಹಾಗೇ.

ಆಪ್ಷನ್ ಅಣ್ಣಪ್ಪ

ಸರ್, ಸಣ್ಣದೋ ದೊಡ್ಡದೋ, ವ್ಯತ್ಯಾಸ ಇದೆ ಅಂತ ನೀವೇ ಒಪ್ಪಿಕೊಂಡಿರಿ. ಮುಗೀತು.

ಮುಳಬಾಗಿಲು ದೋಸೆ

ಮುಗಿದಿಲ್ಲ ಅಣ್ಣಾ. ರಿಸ್ಕ್ ತಗೊಂಡರೆ ದುಡ್ಡು ಅಂದಿರಲ್ಲ, ನಿಮ್ಮದೇ ಮಾರ್ಕೆಟ್ಟಿನ ಲೆಕ್ಕ ಹೇಳುತ್ತೇನೆ. ಶೇರು ಮಾರ್ಕೆಟ್ಟಿನ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಎಫ್ ಅಂಡ್ ಓ ಮೇಲೆ ಅಧ್ಯಯನ ಬಿಟ್ಟಿತು. ಮೂರು ವರ್ಷದಲ್ಲಿ ಸಾಮಾನ್ಯ ಜನರ ಪೈಕಿ ಶೇ. 93 ಜನ ಕಳೆದುಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೇಲೆ. 2023-24ರಲ್ಲಿ ಕಳೆದುಕೊಂಡವರು ಗಂಡಸರಲ್ಲಿ ಹೆಚ್ಚುಕಡಿಮೆ ಶೇ. 92, ಹೆಂಗಸರಲ್ಲಿ ಶೇ. 86. ಒಬ್ಬೊಬ್ಬರ ಸರಾಸರಿ ನಷ್ಟವೂ ಗಂಡಸರದ್ದೇ ಜಾಸ್ತಿ.

ಇದು ಹೊಸದೂ ಅಲ್ಲ. ಅಮೆರಿಕದಲ್ಲಿ ಬಾರ್ಬರ್ ಮತ್ತು ಓಡಿಯನ್ ಅಂತ ಇಬ್ಬರು ಒಂದು ಬ್ರೋಕರೇಜಿನ 35,000 ಮನೆಗಳ ಖಾತೆ ನೋಡಿದ್ದರು, 1991ರಿಂದ 1997ರ ತನಕದ್ದು. ಗಂಡಸರು ಹೆಂಗಸರಿಗಿಂತ ಶೇ. 45 ಜಾಸ್ತಿ ಕೊಂಡು ಮಾರಿದ್ದರು. ಈ ಓಡಾಟದಿಂದ ಗಂಡಸರ ಲಾಭ ವರ್ಷಕ್ಕೆ 2.65 ಪರ್ಸೆಂಟೇಜ್ ಪಾಯಿಂಟ್ ಇಳಿದಿತ್ತು, ಹೆಂಗಸರದ್ದು 1.72.

ಆಪ್ಷನ್ ಅಣ್ಣಪ್ಪ

ನಾನು ಉಳಿದ ಆ ಎಂಟರಲ್ಲಿ ಒಬ್ಬ ಅಂತ ಇಟ್ಟುಕೊಳ್ಳಿ. ಈ ಥ್ರೆಡ್ ನಮ್ಮ ಮನೆಯವರ ಕೈಗೆ ಸಿಗದಿರಲಿ.

ತೋಟದ ಮನೆ, ಶಿರಸಿ

ನನ್ನದು ಅಡಿಕೆ ತೋಟ. ಶೇರು ಗೊತ್ತಿಲ್ಲ, ಆದರೆ ರಿಸ್ಕಿಗೆ ಕೂಲಿ ಅನ್ನುವುದು ನಮ್ಮಲ್ಲಿ ಕಣ್ಣೆದುರಿಗೇ ಇದೆ.

ಕೊನೆಗೌಡ ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನು. ಮರ ಸಪೂರ, ಅರವತ್ತು ಎಪ್ಪತ್ತು ಅಡಿ ಎತ್ತರ, ಮಳೆಗಾಲ ಮುಗಿದಾಗ ಪಾಚಿ ಹಿಡಿದಿರುತ್ತದೆ. ಒಂದು ಮರದ ತುದಿಯಲ್ಲಿ ಕೂತು ಅದನ್ನು ತೂಗಿ ಪಕ್ಕದ ಮರ ಹಿಡಿದು ಆ ಕಡೆ ದಾಟುತ್ತಾನೆ. ಕೊನೆಯನ್ನು ಹಗ್ಗದ ಮೇಲೆ ಜಾರಿಸಿ ಇಳಿಸುತ್ತಾನೆ. ಬಿದ್ದು ಸೊಂಟ ಮುರಿದುಕೊಂಡವರು ಊರೂರಲ್ಲೂ ಇದ್ದಾರೆ. ಅವನ ಒಂದು ದಿನದ ಕೂಲಿ ಹುಟ್ಟಬೇಕಾದರೆ ಹೆಣ್ಣಾಳು ಮೂರ್ನಾಲ್ಕು ದಿನ ದುಡಿಯಬೇಕು. ಜೀವ ಪಣಕ್ಕಿಡುತ್ತಾನೆ, ಕೊಡಬೇಕಾದ್ದೇ. ಇದರಲ್ಲಿ ನನ್ನ ತಕರಾರಿಲ್ಲ.

ಈಗ ದೋಟಿ, ಅಂದರೆ ಕೆಳಗಿನಿಂದಲೇ ಕೊನೆ ಕೊಯ್ಯುವ ಉದ್ದನೆಯ ಕೋಲು ಬಂದಿದೆ. ಕಾರ್ಬನ್ ಫೈಬರಿನದು, ಹಗುರ. ನೆಲದ ಮೇಲೆ ನಿಂತೇ ಕೊಯ್ಯಬಹುದು, ಕೊಳೆ ರೋಗಕ್ಕೆ ಔಷಧಿಯನ್ನೂ ಹೊಡೆಯಬಹುದು. ಕತ್ತು ನೋವು ಬರುತ್ತದೆ, ತೋಳು ಸೋಲುತ್ತದೆ, ಆದರೆ ಬೀಳುವ ಪ್ರಶ್ನೆ ಇಲ್ಲ. ಹಾಗಾದರೆ ಕೂಲಿ ಇಳಿಯಿತಾ? ನಮ್ಮ ಕಡೆ ಇಳಿಯಲಿಲ್ಲ. ದೋಟಿ ಹಿಡಿಯುವವನಿಗೂ ಹೆಚ್ಚುಕಡಿಮೆ ಮರ ಹತ್ತುವವನ ರೇಟೇ. ಕೇಳಿದರೆ "ಇದು ಕಸುಬು" ಅನ್ನುತ್ತಾರೆ. ಇರಲಿ, ಕಸುಬು ಹೌದು.

ಆದರೆ ಅಡಿಕೆ ಸುಲಿಯುವುದು ಕಸುಬಲ್ವಾ? ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಅದರ ಬಾಯಿಗೆ ಒಂದೊಂದೇ ಕಾಯಿ ಕೊಟ್ಟು, ಸಿಪ್ಪೆ ಬಿಡಿಸಿ ಎಸೆಯಬೇಕು. ರಾತ್ರಿ ಹನ್ನೊಂದರ ತನಕ ಅಂಗಳದಲ್ಲಿ ಲೈಟ್ ಹಾಕಿಕೊಂಡು ಸುಲಿಯುತ್ತಾರೆ. ನಮ್ಮಲ್ಲಿಗೆ ಬರುವ ಹೆಂಗಸರಲ್ಲಿ ಬೆರಳು ಕುಯ್ದುಕೊಳ್ಳದವರು ಯಾರೂ ಇಲ್ಲ. ಅಡಿಕೆಯ ಚೊಗರು ಹತ್ತಿ ಕೈ ಕಪ್ಪಾಗಿ, ಉಗುರಿನ ಸಂದಿ ಒಡೆದಿರುತ್ತದೆ. ಇದಕ್ಕೆ ರಿಸ್ಕಿನ ಕೂಲಿ ಅಂತ ಯಾರೂ ಒಂದು ರೂಪಾಯಿ ಇಟ್ಟಿಲ್ಲ. ನಾನೂ ಇಟ್ಟಿಲ್ಲ, ಊರಿನ ರೇಟು ಏನಿದೆಯೋ ಅದೇ.

ಯೆಲ್ಲೋ ಬೋರ್ಡ್

ಶಿರಸಿ ಅಣ್ಣಾ, ಮರದಿಂದ ಬಿದ್ದರೆ ಸಾವು, ಬೆರಳು ಕುಯ್ದರೆ ಬ್ಯಾಂಡೇಜ್. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ?

ತೋಟದ ಮನೆ, ಶಿರಸಿ

ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಮರ ಹತ್ತುವವನಿಗೆ ಜಾಸ್ತಿ ಸಿಗಲಿ. ಬೀಳುವ ಭಯ ಹೋದ ಮೇಲೂ ಗಂಡಾಳಿನ ರೇಟು ಕೆಳಗಿಳಿಯಲಿಲ್ಲ, ದಿನಾ ರಕ್ತ ಬಂದರೂ ಹೆಣ್ಣಾಳಿನ ರೇಟು ಮೇಲೇರಲಿಲ್ಲ. ನಾನು ಹೇಳಿದ್ದು ಅಷ್ಟೇ. ರಿಸ್ಕಿಗೇ ದುಡ್ಡು ಅನ್ನುವುದಾದರೆ ಈ ಎರಡಕ್ಕೂ ಉತ್ತರ ಬೇಕಲ್ಲ?

ರೈಟ್ ರೈಟ್

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಡಿಪೋ ಹೆಸರು ಕೇಳಬೇಡಿ, ನನಗೆ ಕೆಲಸ ಬೇಕು.

ನಮ್ಮಲ್ಲಿ ಬೇಸಿಕ್ ಒಂದೇ. ಹೆಣ್ಣಿಗೆ ಕಮ್ಮಿ, ಗಂಡಿಗೆ ಜಾಸ್ತಿ ಅಂತ ಇಲ್ಲ. ಆದರೂ ಒಂದೇ ವರ್ಷ ಸೇರಿದ ಗಂಡು ಕಂಡಕ್ಟರ್ ಕೈಗೆ ನನಗಿಂತ ಜಾಸ್ತಿ ಬರುತ್ತದೆ. ಹೇಗೆ? ಓಟಿ (ಓವರ್‌ಟೈಮ್) ಮತ್ತು ನೈಟ್ ಹಾಲ್ಟ್ ಬತ್ತೆ. ನೈಟ್ ಹಾಲ್ಟ್ ಅಂದರೆ ಕೊನೆ ಟ್ರಿಪ್ಪಿಗೆ ಯಾವುದೋ ಹಳ್ಳಿಯಲ್ಲಿ ಬಸ್ ನಿಲ್ಲಿಸಿ, ಅಲ್ಲೇ ಮಲಗಿ, ಬೆಳಿಗ್ಗೆ ಐದೂವರೆಗೆ ಬಿಡುವುದು. ಮಲಗುವುದು ಎಲ್ಲಿ? ಬಸ್ಸಿನೊಳಗೇ, ಇಲ್ಲ ಪಂಚಾಯ್ತಿ ಕಟ್ಟೆ ಮೇಲೆ. ಬೆಳಿಗ್ಗೆ ಹೋಗಲು ಗಂಡಸರಿಗೆ ಬಯಲು. ನನಗೆ? ಕತ್ತಲಾದ ಮೇಲೆ ಊರಿನ ನಾಲ್ಕು ಹುಡುಗರು ಕುಡಿದು ಬಸ್ ತಟ್ಟಿದರೆ? ಡ್ರೈವರ್ ಒಳ್ಳೆಯವರೇ ಇರಬಹುದು, ಆದರೆ ಮರುದಿನ ಊರಲ್ಲಿ ಹುಟ್ಟುವ ಮಾತಿಗೆ ಯಾರು ಹೊಣೆ?

ಹಾಗಾಗಿ ನಾನು ಡೇ ಶೆಡ್ಯೂಲ್ ಕೇಳಿ ತಗೊಳ್ಳುತ್ತೇನೆ. ಕಾಗದದ ಮೇಲೆ ಅದು ನನ್ನದೇ ಆಯ್ಕೆ. ರಿಸ್ಕ್ ಇಷ್ಟವಿಲ್ಲದವಳು ಅಂತ ನೀವು ನನ್ನನ್ನು ಬರೆದುಕೊಳ್ಳಬಹುದು. ಆದರೆ ದಿನಾ ತುಂಬಿದ ಬಸ್ಸಿನಲ್ಲಿ ಕುಡುಕರ ಹತ್ತಿರ ಚಿಲ್ಲರೆಗೆ ಜಗಳ ಆಡಿ, ಫುಟ್‌ಬೋರ್ಡಿನವರನ್ನು ಒಳಗೆ ತಳ್ಳುವವಳು ನಾನೇ. ಭಯ ಇದ್ದಿದ್ದರೆ ಈ ಕೆಲಸಕ್ಕೆ ಬರುತ್ತಲೇ ಇರಲಿಲ್ಲ.

ಬೋಸ್ಟನ್ ಚಳಿ

ಅಕ್ಕಾ, ನೀವು ಹೇಳಿದ್ದನ್ನೇ ನಾನಿರುವ ಊರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ! ಬೋಸ್ಟನ್‌ನ ಸರ್ಕಾರಿ ಸಾರಿಗೆ ಎಂಬಿಟಿಎ. ಬಸ್ ಮತ್ತು ರೈಲು ಓಡಿಸುವವರ ಸಂಬಳದ ದಾಖಲೆಯನ್ನು ವ್ಯಾಲೆಂಟಿನ್ ಬೊಲೊಟ್ನಿ, ನಟಾಲಿಯಾ ಇಮ್ಯಾನುಯೆಲ್ ಎಂಬ ಇಬ್ಬರು ನೋಡಿದರು. ಎಲ್ಲರೂ ಒಂದೇ ಯೂನಿಯನ್. ಗಂಟೆಯ ರೇಟು ಸೀನಿಯಾರಿಟಿ ಮೇಲೆ, ಮ್ಯಾನೇಜರ್ ಮನಸ್ಸಿಗೆ ಬಂದಂತೆ ಬದಲಾಯಿಸಲು ಬರುವುದಿಲ್ಲ. ಆದರೂ ಗಂಡಸರು 1 ಡಾಲರ್ ದುಡಿದರೆ ಹೆಂಗಸರು 89 ಸೆಂಟ್.

ಕಾರಣ: ಗಂಡಸರು ಶೇ. 83 ಜಾಸ್ತಿ ಓಟಿ ಮಾಡಿದ್ದರು, ಸಂಬಳವಿಲ್ಲದ ರಜೆ ಹೆಂಗಸರ ಅರ್ಧದಷ್ಟು ತಗೊಂಡಿದ್ದರು. ನನಗೆ ತುಂಬಾ ಹಿಡಿಸಿದ್ದು ಮುಂದಿನ ವಿಷಯ. ಓಟಿ ಇದೆ ಅಂತ ಮೂರು ತಿಂಗಳು ಮೊದಲೇ ಹೇಳಿದರೆ ಗಂಡಸರು ಹೆಂಗಸರಿಗಿಂತ ಒಪ್ಪಿದ್ದು ಶೇ. 7ರಷ್ಟು ಮಾತ್ರ ಜಾಸ್ತಿ. ಹಿಂದಿನ ದಿನವೋ ಅದೇ ದಿನವೋ ಹೇಳಿದರೆ ಹೆಚ್ಚುಕಡಿಮೆ ದುಪ್ಪಟ್ಟು. ಜನ ಅದೇ, ಕೆಲಸ ಅದೇ, ರೇಟೂ ಅದೇ. ಬದಲಾದದ್ದು ಮುಂಚೆ ಹೇಳಿದರಾ ಇಲ್ಲವಾ ಅನ್ನುವುದು. ಮಗುವನ್ನು ಯಾರ ಹತ್ತಿರ ಬಿಡಲಿ ಅಂತ ಯೋಚಿಸಲು ಸಮಯ ಸಿಕ್ಕರೆ "ಸ್ವಭಾವ" ಇಷ್ಟು ಬದಲಾಗುತ್ತದಾ?

ಯೆಲ್ಲೋ ಬೋರ್ಡ್

ನಾನು ಕ್ಯಾಬ್ ಓಡಿಸುವವನು. ಆ್ಯಪ್‌ನಲ್ಲಿ ರೇಟು ಹಾಕುವುದು ಕಂಪ್ಯೂಟರ್. ಅದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ. ಅಲ್ಲೂ ಅಂತರ ಇರುತ್ತದಾ?

ಲೆಕ್ಚರರ್ ಧಾರವಾಡ

ಇರುತ್ತದೆ. ಅಮೆರಿಕದ ಉಬರ್‌ನ ಹತ್ತು ಲಕ್ಷಕ್ಕೂ ಹೆಚ್ಚು ಡ್ರೈವರ್‌ಗಳ ಲೆಕ್ಕ ನೋಡಿದಾಗ ಗಂಡಸರ ಗಂಟೆಯ ದುಡಿಮೆ ಶೇ. 7ರಷ್ಟು ಜಾಸ್ತಿ ಇತ್ತು. ಮೂರು ಕಾರಣ ಸಿಕ್ಕವು: ಹೆಚ್ಚು ಟ್ರಿಪ್ ಹೊಡೆದು ಬಂದ ಅನುಭವ, ಯಾವ ಏರಿಯಾದಲ್ಲಿ ಯಾವ ಹೊತ್ತಿಗೆ ಓಡಿಸುತ್ತಾರೆ ಅನ್ನುವುದು, ಮತ್ತು ಸ್ಪೀಡು. ಅಂತರದಲ್ಲಿ ಅರ್ಧದಷ್ಟು ಬರೀ ಸ್ಪೀಡಿನದು.

ಯೆಲ್ಲೋ ಬೋರ್ಡ್

ಸ್ಪೀಡಾ? ಸಿಲ್ಕ್ ಬೋರ್ಡಿಗೆ ಬಂದು ಓಡಿಸಿ ತೋರಿಸಲಿ. 😄

ಆದರೆ ಹೊತ್ತಿನ ವಿಷಯ ನಿಜ. ನನ್ನ ದುಡಿಮೆ ಇರುವುದೇ ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರೊಳಗೆ, ಏರ್‌ಪೋರ್ಟ್ ಕಡೆ. ಅಲ್ಲಿ ಪಾರ್ಕಿಂಗಿನಲ್ಲಿ ಕಾಯುವವರಲ್ಲಿ ಹೆಣ್ಣುಮಕ್ಕಳು ಒಬ್ಬರೋ ಇಬ್ಬರೋ. ನಮ್ಮ ಮನೆಯಾಕೆ ಗಾಡಿ ಓಡಿಸುತ್ತೇನೆ ಅಂದರೆ ಹಗಲಿಗೆ ಸರಿ ಅನ್ನುತ್ತೇನೆ. ರಾತ್ರಿಗೆ ಕಳಿಸಲ್ಲ. ಬೈಯಿರಿ ಬೇಕಾದರೆ.

ಸುಮ್ನೆ ಓದುವವಳು

ಬೈಯಲ್ಲ ಅಣ್ಣಾ. ಆದರೆ "ಕಳಿಸಲ್ಲ" ಅಂದಿರಲ್ಲ, ಅಲ್ಲಿ ರಿಸ್ಕ್ ಬೇಡ ಅಂದವರು ಯಾರು? ಅವರಾ, ನೀವಾ?

2005ರಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಹುಡುಗಿಯ ಕೊಲೆಯಾದಾಗ ನಾನು ಡಿಗ್ರಿ ಓದುತ್ತಿದ್ದೆ. ಕರೆದುಕೊಂಡು ಹೋಗಲು ಬಂದ ಡ್ರೈವರನೇ ಕೊಂದಿದ್ದ. ಅದಾದ ಮೇಲೆ ನಮ್ಮ ಹಾಸ್ಟೆಲಿನಲ್ಲಿ ಎಷ್ಟೋ ಹುಡುಗಿಯರ ಮನೆಯಿಂದ ಫೋನ್ ಬಂತು, ರಾತ್ರಿ ಕೆಲಸ ಬೇಡ ಅಂತ. ರಾತ್ರಿ ಕೆಲಸಕ್ಕೆ ಆಗ ಸಂಬಳ ಜಾಸ್ತಿ ಇತ್ತು. ಆ ಹುಡುಗಿಯರನ್ನು ಯಾರೂ ಲ್ಯಾಬಿಗೆ ಕರೆದು ಲಾಟರಿ ಆಡಿಸಿರಲಿಲ್ಲ.

ಲೆಕ್ಚರರ್ ಧಾರವಾಡ

ಇದಕ್ಕೆ ನೇರ ಸಂಬಂಧಪಟ್ಟದ್ದು ಗಿರಿಜಾ ಬೋರ್ಕರ್ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ. ಯಾರಿಗೆ ಯಾವ ಕಾಲೇಜಿನಲ್ಲಿ ಸೀಟು ಸಿಗುತ್ತಿತ್ತು, ಅವರು ಯಾವುದಕ್ಕೆ ಸೇರಿದರು, ಮನೆಯಿಂದ ಅಲ್ಲಿಗೆ ಹೋಗುವ ದಾರಿ ಎಷ್ಟು ಸುರಕ್ಷಿತ ಅಂತ ಮ್ಯಾಪ್ ಹಾಕಿ ಅಳೆದರು. ದಾರಿ ಸುರಕ್ಷಿತವಾಗಿದ್ದರೆ ಸಾಕು ಅಂತ ಹುಡುಗಿಯರು ಒಳ್ಳೆ ಕಾಲೇಜು ಬಿಟ್ಟು, ಗುಣಮಟ್ಟದಲ್ಲಿ ಎಷ್ಟೋ ಕೆಳಗಿರುವ ಕಾಲೇಜಿಗೂ ಸೇರಲು ತಯಾರಿದ್ದರು. ಹುಡುಗರಲ್ಲಿ ಅಷ್ಟಿಲ್ಲ. ಮುಂದೆ ಕೆಲಸಕ್ಕೆ ಸೇರುವಾಗ ಸಂಬಳ ಕಮ್ಮಿಯಾಗುತ್ತದೆ. ಅಷ್ಟು ಹೊತ್ತಿಗೆ ಬಸ್ಸಿನ ದಾರಿ ಯಾರ ನೆನಪಿನಲ್ಲೂ ಇರುವುದಿಲ್ಲ, ಕಾಲೇಜಿನ ಹೆಸರು ಮಾತ್ರ ಕಾಣುತ್ತದೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ರಿಸ್ಕಿನ ರುಚಿಯಲ್ಲಿ ಗಂಡು ಹೆಣ್ಣಿಗೆ ಒಂದಿಷ್ಟು ವ್ಯತ್ಯಾಸ ಇರಬಹುದು. ಆದರೆ ದೊಡ್ಡ ವ್ಯತ್ಯಾಸ ಇರುವುದು ರಿಸ್ಕಿನ ಬೆಲೆಯಲ್ಲಿ. ಒಂದೇ ಪಂದ್ಯಕ್ಕೆ ಒಬ್ಬ 10 ರೂಪಾಯಿ ಕಟ್ಟುತ್ತಾನೆ, ಇನ್ನೊಬ್ಬಳು 50 ಕಟ್ಟಬೇಕು. ಅವಳು ಆಡಲಿಲ್ಲ ಅಂದರೆ ಅದಕ್ಕೆ ಪುಕ್ಕಲುತನ ಅಂತ ಹೆಸರಿಡುವುದು ಲೆಕ್ಕ ಬಾರದವರ ಮಾತು.

ಮಲ್ಪೆ ಮೀನು

ಸಮಾಜ ಬದಲಾದರೆ ಇದು ಬದಲಾಗುತ್ತದೆ ಅನ್ನುವುದಕ್ಕೆ ಮೇಘಾಲಯದ ಖಾಸಿ ಜನರ ಉದಾಹರಣೆ ಇದೆಯಲ್ಲ? ಬಾಲನ್ನು ಬಕೆಟ್ಟಿಗೆ ಎಸೆಯುವ ಪ್ರಯೋಗ. ಗೊತ್ತಿದ್ದವರು ಬರೆಯಿರಿ.

ಲೆಕ್ಚರರ್ ಧಾರವಾಡ

ಇದೆ. ಉರಿ ನೀಝಿ, ಕೆನೆತ್ ಲಿಯೊನಾರ್ಡ್, ಜಾನ್ ಲಿಸ್ಟ್, 2009. ಮೂರು ಮೀಟರ್ ದೂರದ ಬಕೆಟ್ಟಿಗೆ ಟೆನಿಸ್ ಬಾಲ್, ಹತ್ತು ಎಸೆತ. ಬಿದ್ದಷ್ಟಕ್ಕೆ ದುಡ್ಡು ತಗೊಳ್ಳಿ, ಇಲ್ಲ ಕಾಣದ ಎದುರಾಳಿ ಜೊತೆ ಪೈಪೋಟಿಗೆ ಇಳಿದು ಗೆದ್ದರೆ ಮೂರು ಪಟ್ಟು. ಟಾಂಜಾನಿಯಾದ ಮಸಾಯಿ ಜನರಲ್ಲಿ ಗಂಡಸಿನದೇ ದರ್ಬಾರು. ಅಲ್ಲಿ ಪೈಪೋಟಿ ಆರಿಸಿಕೊಂಡವರು ಗಂಡಸರಲ್ಲಿ ಅರ್ಧದಷ್ಟು, ಹೆಂಗಸರಲ್ಲಿ ಕಾಲು ಭಾಗ. ಖಾಸಿಗಳಲ್ಲಿ ಆಸ್ತಿ ಕಿರಿಯ ಮಗಳಿಗೆ, ಮನೆತನ ತಾಯಿ ಕಡೆಯಿಂದ. ಅಲ್ಲಿ ಹೆಂಗಸರು ಶೇ. 54, ಗಂಡಸರು ಶೇ. 39. ತಿರುಗುಮುರುಗು!

ಮಲ್ಪೆ ಮೀನು

ಥ್ಯಾಂಕ್ಸ್ ಸರ್. ಇದನ್ನು ಕೇಳಿದಾಗೆಲ್ಲ ನನಗೊಂದು ಅನುಮಾನ. ನಮ್ಮ ತುಳುನಾಡಿನಲ್ಲೂ ಅಳಿಯಕಟ್ಟು ಇತ್ತು. ಬಂಟರು, ಬಿಲ್ಲವರು, ಮೊಗವೀರರು, ಎಲ್ಲರಲ್ಲೂ ಆಸ್ತಿ ತಾಯಿ ಕಡೆಯಿಂದ. ಆದರೆ ಕೆಲಸ ಮಾಡಿಸಿದ್ದು, ದುಡ್ಡು ಎಣಿಸಿದ್ದು ಹೆಚ್ಚಿನ ಮನೆಗಳಲ್ಲಿ ಸೋದರಮಾವನೇ. ಹೆಸರಿಗೆ ಹೆಣ್ಣಿನ ಮನೆ, ಬೀಗದಕೈ ಗಂಡಸಿನ ಸೊಂಟದಲ್ಲಿ. ಹಾಗಾಗಿ ಆಸ್ತಿ ಅಂತ ಬರೆದಿದ್ದು ನೋಡಿ ಎಲ್ಲ ಸರಿಹೋಯಿತು ಅನ್ನುವುದು ಕಷ್ಟ. ಅದೂ ಅಲ್ಲದೆ ಎರಡೂ ಕಡೆ ಸೇರಿಸಿದರೂ 200 ಜನ ಇರಲಿಲ್ಲ ಆ ಪ್ರಯೋಗದಲ್ಲಿ.

ಆದರೆ ಒಂದು ಹೇಳಬೇಕು. ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಹರಾಜಿಗೆ ಬಂದು ನೋಡಿ. ಬೋಟಿನವರು ಗಂಡಸರು, ಬುಟ್ಟಿ ಹಿಡಿದು ರೇಟು ಕೂಗುವವರಲ್ಲಿ ನಮ್ಮ ಹೆಂಗಸರು ಬೇಕಾದಷ್ಟು. ಬೆಳಿಗ್ಗೆ ಸಾವಿರಗಟ್ಟಲೆ ರೂಪಾಯಿ ಕೊಟ್ಟು ಮೀನು ಎತ್ತುತ್ತಾರೆ, ಅದೂ ಸಾಲ ತಂದು. ಸಂಜೆಯೊಳಗೆ ಮಾರದಿದ್ದರೆ ಐಸಿನ ಖರ್ಚು, ಮರುದಿನ ಅರ್ಧ ರೇಟು. ಇದಕ್ಕಿಂತ ದೊಡ್ಡ ಎಫ್ ಅಂಡ್ ಓ ಯಾವುದು ಅಣ್ಣಪ್ಪಣ್ಣ?

ಆಪ್ಷನ್ ಅಣ್ಣಪ್ಪ

ಎಲ್ಲರೂ ನನ್ನ ಮೇಲೇ ಬೀಳ್ತಿದ್ದೀರಿ. ಮೀನಿನ ಮಾತು ಒಪ್ಪಿದೆ.

ಆದರೆ ಗಂಡಸಿನ ಕಡೆಯದ್ದೂ ಒಂದು ಮಾತು ಕೇಳಿ. ನನ್ನ ತಮ್ಮ ಸೇಲ್ಸ್‌ನಲ್ಲೇ ಇದ್ದ. ಇನ್ಸೆಂಟಿವ್ ಪ್ಲಾನ್ ಬೇಡ ಅನ್ನಲು ಅವನಿಗೆ ಮನಸ್ಸಿತ್ತು, ಮನೆ ಸಾಲ ಇತ್ತು. ಆದರೆ ಟೀಮಿನಲ್ಲಿ "ಏನೋ, ಫಿಕ್ಸೆಡ್ ತಗೊಂಡಾ? ಸೀರೆ ಉಟ್ಕೊಂಡು ಬಾ" ಅಂದರು. ಮರ್ಯಾದೆಗೆ ಸಹಿ ಹಾಕಿದ. ಎರಡು ಕ್ವಾರ್ಟರ್ ಇನ್ಸೆಂಟಿವ್ ಸೊನ್ನೆ. ಅವನದ್ದೂ ಆಯ್ಕೆ ಅಂತಲೇ ಬರೆದುಕೊಂಡಿದ್ದಾರೆ ಅಲ್ವಾ?

ಲೆಕ್ಚರರ್ ಧಾರವಾಡ

ಅಣ್ಣಪ್ಪ ಅವರೇ, ಈ ಥ್ರೆಡ್ಡಿನಲ್ಲಿ ಬಂದ ಒಳ್ಳೆಯ ಮಾತುಗಳಲ್ಲಿ ಇದೂ ಒಂದು. ಪಿಟ್ಸ್‌ಬರ್ಗ್‌ನಲ್ಲಿ ನುಗ್ಗಿ ಸೋತವರ ಕತೆ ಇದೇ.

ನೂಲು ಸೂಜಿ

ನಾನು ಹೊಸೂರು ರೋಡ್ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಹೆಂಗಸರಿಗೆ ರಿಸ್ಕ್ ಅಂದ್ರೆ ಆಗಲ್ಲ ಅಂದವರು 2016ರ ಏಪ್ರಿಲ್ ಮರೆತಿದ್ದಾರಾ?

ಪಿಎಫ್ ದುಡ್ಡಿನಲ್ಲಿ ಕಂಪನಿ ಹಾಕಿದ ಭಾಗವನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ರೂಲ್ಸ್ ತಂದಿತು. ಗಾರ್ಮೆಂಟ್ಸ್‌ನಲ್ಲಿ 58ರ ತನಕ ಯಾರು ಹೊಲಿಯುತ್ತಾರೆ? ಐದಾರು ವರ್ಷಕ್ಕೆ ಬೆನ್ನು ಹೋಗುತ್ತದೆ, ಕೆಲಸ ಬಿಟ್ಟು ಪಿಎಫ್ ತೆಗೆದು ಮಗಳ ಮದುವೆಯೋ ಸಾಲವೋ ತೀರಿಸುತ್ತೇವೆ. ನಮ್ಮ ಹತ್ತಿರ ಇದ್ದ ಒಂದೇ ಗಂಟು ಅದು. ಏಪ್ರಿಲ್ 18ಕ್ಕೆ ಮಷಿನ್ ಆಫ್ ಮಾಡಿ ರೋಡಿಗೆ ಬಂದೆವು. ಬೊಮ್ಮನಹಳ್ಳಿಯಲ್ಲಿ ಟ್ರಾಫಿಕ್ ನಿಂತಿತು. ಮದ್ದೂರು ಕಡೆಯೂ ಹಾಗೇ. ಕರೆ ಕೊಟ್ಟ ಲೀಡರ್ ಅಂತ ಯಾರೂ ಇರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಬಿಟ್ಟರು. 19ಕ್ಕೇ ರೂಲ್ಸ್ ವಾಪಸ್ ತಗೊಂಡರು.

ಒಂದು ದಿನ ಬರದಿದ್ದರೆ ಸಂಬಳ ಕಟ್. ಸೂಪರ್‌ವೈಸರ್ ಮುಖ ನೋಡಿಟ್ಟುಕೊಂಡರೆ ಕೆಲಸವೇ ಕಟ್. ಗೊತ್ತಿದ್ದೇ ಹೋದೆವು. ನಮ್ಮ ಲೈನಿನಲ್ಲಿ ಹೊಲಿಯುವವರೆಲ್ಲ ಹೆಂಗಸರು, ಸೂಪರ್‌ವೈಸರು ಗಂಡಸು, ಅವರ ಸಂಬಳ ಜಾಸ್ತಿ. ಅವತ್ತು ಅವರು ಒಳಗೇ ಇದ್ದರು.

ಪೇರೋಲ್ ಪದ್ಮ

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಲೆಕ್ಚರರ್ ಸರ್ "ಒಂದೇ ಪಂದ್ಯಕ್ಕೆ ಬೇರೆ ಬೆಲೆ" ಅಂದದ್ದು ಓದಿ ನಮ್ಮ ಶೀಟ್ ಮತ್ತೆ ತೆಗೆದೆ. ಸಂಬಳದ ಕಾಲಂ ಬಿಟ್ಟು ಟೆರಿಟರಿ ಕಾಲಂ, ಅಂದರೆ ಯಾರಿಗೆ ಯಾವ ಊರು, ಯಾವ ಆಸ್ಪತ್ರೆ ಅನ್ನುವುದನ್ನು ನೋಡಿದೆ.

ಟಾರ್ಗೆಟ್ ಎಲ್ಲರಿಗೂ ಒಂದೇ. ಆದರೆ ದೊಡ್ಡ ಖಾಸಗಿ ಆಸ್ಪತ್ರೆಗಳ ಖಾತೆ ಹೆಚ್ಚುಕಡಿಮೆ ಎಲ್ಲ ಗಂಡಸರ ಹೆಸರಿನಲ್ಲಿದೆ. ಹೆಂಗಸರಿಗೆ ಊರೊಳಗಿನ ಸಣ್ಣ ನರ್ಸಿಂಗ್ ಹೋಮ್, ಲ್ಯಾಬ್. ಕೇಳಿದರೆ "ದೊಡ್ಡ ಡೀಲ್ ಅಂದ್ರೆ ಡಾಕ್ಟರ್ ಜೊತೆ ರಾತ್ರಿ ಡಿನ್ನರ್ ಇರುತ್ತೆ, ಹುಬ್ಬಳ್ಳಿ, ಕಲಬುರಗಿ ಟ್ರಾವೆಲ್ ಇರುತ್ತೆ, ಅವರಿಗೇ ಕಷ್ಟ" ಅನ್ನುತ್ತಾರೆ. ಅಂದರೆ ಇನ್ಸೆಂಟಿವ್ ಪ್ಲಾನಿನಲ್ಲಿ ಟಾರ್ಗೆಟ್ ಮುಟ್ಟುವ ಸಾಧ್ಯತೆಯೇ ಬೇರೆ ಬೇರೆ.

ಇನ್ನೊಂದು ಸಿಕ್ಕಿತು. ಹೆರಿಗೆ ರಜೆ 26 ವಾರ ಕಾನೂನು ಪ್ರಕಾರ ಸಂಬಳದ ಜೊತೆ ಕೊಡುತ್ತೇವೆ. ಆದರೆ ವರ್ಷದ ಟಾರ್ಗೆಟ್ ಇಳಿಸುವುದಿಲ್ಲ! ಅರ್ಧ ವರ್ಷ ರಜೆಯಲ್ಲಿದ್ದವಳು ಉಳಿದ ಅರ್ಧದಲ್ಲಿ ಪೂರ್ತಿ ವರ್ಷದ ಮಾಲು ಮಾರಬೇಕು. ಮುಂದಿನ ವರ್ಷ ಮಗು ಬೇಕು ಅಂದುಕೊಂಡವಳು ಇದಕ್ಕೆ ಸಹಿ ಹಾಕುತ್ತಾಳಾ? ನನ್ನ ಟೇಬಲ್ ಮೇಲೆ ನಾನೇ ವರ್ಷವಿಡೀ ಓಡಿಸಿದ ಫಾರ್ಮುಲಾ ಅದು.

ಬೋಸ್ಟನ್ ಚಳಿ

ಇದನ್ನೇ ಮೀಟಿಂಗಿನಲ್ಲಿ ತೋರಿಸಿ. ಸಂಶೋಧನೆ ಬೇಡ, ಅವರದ್ದೇ ಶೀಟ್ ಸಾಕು.

ಲೆಕ್ಚರರ್ ಧಾರವಾಡ

ತೋರಿಸುವಾಗ ಮೂರು ವಿಷಯ ಕೇಳಿ ಪದ್ಮಾ. ರಜೆಯ ತಿಂಗಳುಗಳನ್ನು ಟಾರ್ಗೆಟ್ಟಿನಿಂದ ಕಳೆಯಿರಿ ಅಂತ. ಖಾತೆ ಹಂಚುವ ಪಟ್ಟಿ ಟೀಮಿಗೆ ಕಾಣುವ ಹಾಗೆ ಇರಲಿ ಅಂತ. ಟೆರಿಟರಿ ನೋಡಿ ಟಾರ್ಗೆಟ್ ಹಾಕಿ ಅಂತ. ಇಷ್ಟು ಮಾಡಿ ಎರಡೂ ಪ್ಲಾನ್ ಮತ್ತೆ ಮುಂದಿಡಲಿ. ಆಮೇಲೂ ವ್ಯತ್ಯಾಸ ಉಳಿದರೆ ಸ್ವಭಾವದ ಮಾತಾಡೋಣ.

ಆಂಡ್ರಿಯಾಸ್ ಲೈಬ್‌ಬ್ರಾಂಡ್ಟ್ ಮತ್ತು ಜಾನ್ ಲಿಸ್ಟ್ ಅಮೆರಿಕದಲ್ಲಿ ಕೆಲಸದ ಜಾಹೀರಾತುಗಳ ಮೇಲೆ ಮಾಡಿದ ಪ್ರಯೋಗ ನಿಮಗೆ ಉಪಯೋಗ ಆಗಬಹುದು. ಸಂಬಳದ ಬಗ್ಗೆ ಚೌಕಾಸಿ ಮಾಡಬಹುದಾ ಇಲ್ಲವಾ ಅಂತ ಹೇಳದೆ ಬಿಟ್ಟಾಗ ಗಂಡಸರು ಜಾಸ್ತಿ ಕೇಳಿದರು. "ಮಾಡಬಹುದು" ಅಂತ ಬರೆದಾಗ ಹೆಂಗಸರೂ ಅಷ್ಟೇ ಕೇಳಿದರು. ಒಂದು ಸಾಲು ಸೇರಿಸಿದ್ದಕ್ಕೆ.

ಕ್ಲಾಡಿಯಾ ಗೋಲ್ಡಿನ್‌ಗೆ 2023ರಲ್ಲಿ ನೊಬೆಲ್ ಬಂದದ್ದೂ ಈ ಹಾದಿಯ ಕೆಲಸಕ್ಕೇ. ಅವರು ಹೇಳುವುದು, ಕರೆದಾಗೆಲ್ಲ ಬಾ ಅನ್ನುವ ಕೆಲಸಗಳಿಗೆ ವಿಪರೀತ ದುಡ್ಡು, ಹೊತ್ತು ನೋಡಿ ಮಾಡುವ ಕೆಲಸಕ್ಕೆ ಕಮ್ಮಿ. ಮನೆಯಲ್ಲಿ ಮಗು ಇದ್ದರೆ ಇಬ್ಬರಲ್ಲಿ ಒಬ್ಬರು ಎರಡನೆಯದಕ್ಕೆ ಹೋಗಲೇಬೇಕು. ಯಾರು ಹೋಗುತ್ತಾರೆ ಅಂತ ಬಿಡಿಸಿ ಹೇಳಬೇಕಾ?

ರೈಟ್ ರೈಟ್

ಬೋಸ್ಟನ್ ತಮ್ಮಾ, ಆ ಮೂರು ತಿಂಗಳು ಮುಂಚೆ ಓಟಿ ಹೇಳುವುದು ನಮ್ಮಲ್ಲಿ ಆಗಲ್ಲ. ಡ್ರೈವರ್ ಜ್ವರ ಅಂತ ಬೆಳಿಗ್ಗೆ ನಾಲ್ಕಕ್ಕೆ ಫೋನ್ ಮಾಡುತ್ತಾನೆ. ಆದರೆ ಹಬ್ಬ, ಜಾತ್ರೆ, ಸಾಲು ರಜೆಗೆ ಬಿಡುವ ಎಕ್ಸ್‌ಟ್ರಾ ಬಸ್ಸು ಯಾವ ದಿನ ಅಂತ ಕ್ಯಾಲೆಂಡರ್ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಆ ಡ್ಯೂಟಿ ಪಟ್ಟಿಯನ್ನಾದರೂ ಮೊದಲೇ ಹಾಕಬಹುದು. ಹಾಕಿದರೆ ನಾನು ಖಂಡಿತ ಬರೆಸುತ್ತೇನೆ, ಅತ್ತೆಯನ್ನು ಊರಿಂದ ಕರೆಸಿಕೊಳ್ಳುತ್ತೇನೆ. ನೈಟ್ ಹಾಲ್ಟಿಗೆ ಬೀಗ ಇರುವ ಒಂದು ರೂಮು, ಒಂದು ಬಾತ್‌ರೂಮು ಕೊಟ್ಟರೆ ಅದಕ್ಕೂ ತಯಾರು.

ಮುಳಬಾಗಿಲು ದೋಸೆ

ಶಿರಸಿಯವರೇ, ಒಂದು ಪ್ರಶ್ನೆ ಉಳಿದಿದೆ. ದೋಟಿ ಹಗುರ ಅಂದಿರಿ, ಮರ ಹತ್ತುವುದೂ ಬೇಡ. ಹೆಂಗಸರು ಯಾಕೆ ಹಿಡಿಯುತ್ತಿಲ್ಲ?

ತೋಟದ ಮನೆ, ಶಿರಸಿ

ಹಗುರ ಅಂದರೆ ಕಬ್ಬಿಣದ ಪೈಪಿಗಿಂತ ಹಗುರ, ಅಷ್ಟೇ. ಪೂರ್ತಿ ಎತ್ತಿ ನಿಲ್ಲಿಸಿ ಗಾಳಿಗೆ ಹಿಡಿಯಲು ರಟ್ಟೆ ಬೇಕು, ಅಭ್ಯಾಸವೂ ಬೇಕು. ಎಲ್ಲ ಗಂಡಸರಿಗೂ ಆಗುವುದಿಲ್ಲ. ಮೇಲಾಗಿ ದೋಟಿ ದುಬಾರಿ, ಸ್ವಂತ ದೋಟಿ ಇದ್ದವನಿಗೇ ಒಳ್ಳೆ ರೇಟು. ಸಾಲ ಮಾಡಿ ಕೊಳ್ಳಲು ಹೆಂಗಸರ ಸಂಘದಲ್ಲಿ ದುಡ್ಡು ಸಿಗುತ್ತದೆ. ಸಿಕ್ಕಿದ ದುಡ್ಡಿನಲ್ಲಿ ದೋಟಿ ಬರುವುದು ಗಂಡನ ಕೈಗೆ, ಕಂತು ಕಟ್ಟುವುದು ಇವಳು.

ನಿನ್ನೆ ಸುಲಿಯಲು ಬಂದವರ ಹತ್ತಿರ ಈ ಥ್ರೆಡ್ ಬಗ್ಗೆ ಹೇಳಿ, "ನೀವು ದೋಟಿ ಕಲಿಯುತ್ತೀರಾ, ತರಬೇತಿ ಕೊಡಿಸುತ್ತೇನೆ" ಅಂತ ಕೇಳಿದೆ. ಇಬ್ಬರು ನಕ್ಕರು. ಇನ್ನೊಬ್ಬಳು ಕತ್ತಿಯಿಂದ ಕಾಲು ತೆಗೆಯದೆ, "ಕಲಿತ ಮೇಲೆ ಗಂಡಾಳಿನ ರೇಟು ಕೊಡ್ತೀರಾ, ಹೆಣ್ಣಾಳಿನದಾ? ಅದನ್ನು ಹೇಳಿ ಒಡೆಯಾ" ಅಂದಳು. ಗಂಡಾಳಿನದೇ ಅಂದೆ. ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯುವುದರಿಂದ ಶುರು ಮಾಡೋಣ ಅಂತಾಗಿದೆ. ದೋಟಿ ತರಬೇತಿ ಎಲ್ಲಿ ನಡೆಯುತ್ತದೆ ಅಂತ ಗೊತ್ತಿದ್ದವರು ಇಲ್ಲೇ ಬರೆಯಿರಿ, ಇಬ್ಬರನ್ನು ಕಳಿಸಬೇಕು.